ಅರಳಿಕಟ್ಟೆಯಲ್ಲಿ ಉಲ್ಲೇಖ ಕೇಳಿದರು

ಕನ್ನಡ ವಿಕಿಪೀಡಿಯದೊಳಗೆ ಸಂಪಾದಕರು ಸೇರಿ ಮಾತಾಡುವ ಒಂದು ಪುಟವಿದೆ. ಅದಕ್ಕೆ ಅವರು ಇಟ್ಟಿರುವ ಹೆಸರು ‘ಅರಳಿಕಟ್ಟೆ’. ಇಂಗ್ಲಿಷಿನವರು ತಮ್ಮ ಇಂಥದೇ ಪುಟಕ್ಕೆ ಊರ ನಡುವಿನ ನೀರಿನ ಪಂಪಿನ ಹೆಸರಿಟ್ಟುಕೊಂಡಿದ್ದಾರೆ. ಕನ್ನಡಕ್ಕೆ ಬರುವಾಗ ನೀರು ಹೋಗಿ ಮರ ಬಂದಿದೆ. ಹೆಸರಿಟ್ಟವರಿಗೆ ಕೆಟ್ಟ ಉದ್ದೇಶ ಇದ್ದಿರಲಾರದು. ಊರಿನವರು ಕೂತು ಮಾತಾಡುವ ಜಾಗ ಯಾವುದು ಅಂತ ಯೋಚಿಸಿದಾಗ ಅವರಿಗೆ ಥಟ್ಟನೆ ಹೊಳೆದದ್ದು ಅರಳಿಕಟ್ಟೆ. ನನಗೆ ಆ ಹೆಸರು ಓದಿದ ಕೂಡಲೇ ಕಂಡದ್ದು, ಕಟ್ಟೆಯಿಂದ ಹತ್ತು ಮಾರು ದೂರದಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ ನಮ್ಮಪ್ಪ. ನೀರಿನ ಪಂಪು ಎಂದೇ ಉಳಿಸಿಕೊಂಡಿದ್ದರೂ ಕತೆ ಬೇರೆಯಾಗುತ್ತಿರಲಿಲ್ಲ ಬಿಡಿ. ಆಗ 1927ರ ಮಹಾಡ್ ಕೆರೆ ನೆನಪಾಗುತ್ತಿತ್ತು.

ಹೆಸರಿನ ಮೇಲೆ ಜಗಳ ತೆಗೆಯಲು ಈ ಮಾತು ಹೇಳುತ್ತಿಲ್ಲ. ಒಂದೇ ಶಬ್ದ ಎರಡು ಕೇರಿಗಳಲ್ಲಿ ಎರಡು ನೆನಪುಗಳನ್ನು ಎಬ್ಬಿಸುತ್ತದೆ ಎಂಬುದು ದಲಿತ ವಿಮರ್ಶೆಯ ಅ ಆ ಇ ಈ. ಆದರೆ ಈ ಕಟ್ಟೆಯ ವಿಶೇಷವೇನೆಂದರೆ, ಯಾರು ಬೇಕಾದರೂ ಹತ್ತಿ ಕೂರಬಹುದು ಎಂದು ಇಲ್ಲಿ ಬರೆದು ಹಾಕಿದ್ದಾರೆ. ಬರೆದು ಹಾಕಿದಂತೆ ನಡೆಯುತ್ತಲೂ ಇದೆ. ಜಾತಿ ಕೇಳುವುದಿಲ್ಲ, ಡಿಗ್ರಿ ಕೇಳುವುದಿಲ್ಲ, ನಿಜವಾದ ಹೆಸರನ್ನೂ ಕೇಳುವುದಿಲ್ಲ. ಕೇಳುವುದು ಉಲ್ಲೇಖವನ್ನು ಮಾತ್ರ. ನೀನು ಹೇಳುತ್ತಿರುವುದು ಈ ಮೊದಲು ಎಲ್ಲಿ ಅಚ್ಚಾಗಿದೆ? ಈ ಪ್ರಶ್ನೆಯ ಸುತ್ತ ನಾನು ವರ್ಷದಿಂದ ತಿರುಗುತ್ತಿದ್ದೇನೆ. ಕಾದ ಸೀಸದ ಮಾತನ್ನು ಇಲ್ಲಿ ಎತ್ತುವುದಿಲ್ಲ. ಅದನ್ನು ನಾವು ಬೇಕಾದಷ್ಟು ಸಲ ಎತ್ತಿದ್ದೇವೆ, ಮತ್ತು ಇದು ಆ ಬಗೆಯ ನಿಷೇಧವೂ ಅಲ್ಲ. ಬಾಗಿಲು ತೆರೆದೇ ಇದೆ. ಹೊಸಲಿನ ಎತ್ತರದ ಬಗ್ಗೆ ನಾನು ಮಾತಾಡುತ್ತಿರುವುದು.

ನಮ್ಮ ಹೋಬಳಿಯಲ್ಲಿ ಒಬ್ಬ ಹಾಡುಗಾರರಿದ್ದರು. ಎಪ್ಪತ್ತರ ದಶಕದ ಕೊನೆಯಿಂದ ದಲಿತ ಸಂಘರ್ಷ ಸಮಿತಿಯ ಜಾಥಾಗಳಲ್ಲಿ ತಮಟೆ ಹಿಡಿದು ಮುಂದೆ ನಡೆದವರು. ಅವರು ಕಟ್ಟಿದ ಹಾಡುಗಳನ್ನು ಮೂರು ತಾಲ್ಲೂಕಿನ ಜನ ಹಾಡುತ್ತಿದ್ದರು, ಕಟ್ಟಿದವರು ಯಾರು ಅಂತ ಗೊತ್ತಿಲ್ಲದೆಯೇ ಹಾಡುತ್ತಿದ್ದರು. ಎರಡು ರೂಪಾಯಿಯ ಒಂದು ಹಾಡಿನ ಪುಸ್ತಕ ಬಂದಿತ್ತು. ಭೂಮಿ ಹೋರಾಟದಲ್ಲಿ ಕೇಸು ಹಾಕಿಸಿಕೊಂಡರು, ಜೈಲಿಗೆ ಹೋದರು, ಬಂದರು. ತೀರಿಕೊಂಡಾಗ ಮಣ್ಣಿಗೆ ಬಂದ ಜನ ರಸ್ತೆಯವರೆಗೂ ನಿಂತಿದ್ದರು. ಮಾರನೆಯ ದಿನ ಯಾವ ಪತ್ರಿಕೆಯಲ್ಲೂ ಒಂದು ಸಾಲು ಇರಲಿಲ್ಲ. ಅವರ ಮೇಲೆ ಒಂದು ಲೇಖನ ವಿಕಿಪೀಡಿಯದಲ್ಲಿ ಇರಬೇಕು ಎಂಬುದು ನನ್ನ ಆಸೆ. ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಅದಕ್ಕೆ ಕಾರಣವಿದೆ, ಆಮೇಲೆ ಹೇಳುತ್ತೇನೆ.

ನನ್ನ ಹಳೆಯ ಸಂಗಾತಿಯೊಬ್ಬರ ಮಗಳು ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾಳೆ. ಕಾಲೇಜು ದಿನಗಳಿಂದ ವಿಕಿಪೀಡಿಯ ಸಂಪಾದಿಸುತ್ತಿರುವ ಹುಡುಗಿ. ನನಗೆ ಕಲಿಸಿದವಳು ಅವಳು. ಮೊದಲು ಪ್ರಯೋಗಪುಟದಲ್ಲಿ ಬರೆಯಿರಿ ಅಂದಳು, ಮೂರು ಪುಟದಷ್ಟು ಬರೆದೆ. ಓದಿ ಮುಗಿಸಿ, ‘ಚಿಕ್ಕಪ್ಪ, ಇದು ಲೇಖನ ಅಲ್ಲ, ಶ್ರದ್ಧಾಂಜಲಿ’ ಅಂದಳು. ಆಮೇಲೆ ಸಾಲುಸಾಲಾಗಿ ಹಿಡಿದುಕೊಂಡಳು.

‘ಮಹಾನ್ ಹೋರಾಟಗಾರ. ಮಹಾನ್ ತೆಗೀರಿ.’

‘ಯಾಕವ್ವ?’

‘ಮಹಾನ್ ಅಂತ ಯಾರಂದ್ರು?’

‘ನಾನೇ ಅಂತಿದೀನಲ್ಲ.’

‘ನೀವು ಅನ್ನಂಗಿಲ್ಲ. ಇನ್ನೊಬ್ರು ಅಂದಿರೋದ ನೀವು ಬರೀಬೋದು. ಅಮರರಾದರು ಬೇಡ, ತೀರಿಕೊಂಡರು ಅಂತ ಹಾಕಿ. ಇಡೀ ನಾಡೇ ತಲೆದೂಗಿತು ಅಂದಿದೀರಿ. ನಾಡು ಅಂದ್ರೆ ಎಷ್ಟು ತಾಲ್ಲೂಕು?’

ಮೂರು ಪುಟ ಹೋಗಿ ಎಂಟು ವಾಕ್ಯ ಉಳಿಯಿತು. ಎಂಟರಲ್ಲಿ ಆರಕ್ಕೆ ‘ಉಲ್ಲೇಖ ಬೇಕು’ ಎಂಬ ಚೀಟಿ ಅಂಟಿಸಿದಳು. ನನಗೆ ಸಿಟ್ಟು ಬಂದಿತ್ತು. ಆದರೆ ರಾತ್ರಿ ಆ ಎಂಟು ವಾಕ್ಯಗಳನ್ನು ಮತ್ತೆ ಓದಿದಾಗ ಒಂದು ಸಂಗತಿ ಕಂಡಿತು. ನನ್ನ ಮೂರು ಪುಟಗಳಲ್ಲಿ ಅವರು ಹುಟ್ಟಿದ ಇಸವಿ ಇರಲಿಲ್ಲ. ಜೈಲಿಗೆ ಹೋದ ವರ್ಷ ಇರಲಿಲ್ಲ. ಹಾಡಿನ ಪುಸ್ತಕ ಎಲ್ಲಿ ಅಚ್ಚಾಯಿತೆಂಬುದು ಇರಲಿಲ್ಲ. ಎಷ್ಟು ಎಕರೆ ಭೂಮಿಗಾಗಿ ಹೋರಾಟ ನಡೆಯಿತೆಂಬುದೂ ಇರಲಿಲ್ಲ. ಇದ್ದದ್ದು ‘ಧೀಮಂತ’, ‘ಮೇರು’, ‘ಕ್ರಾಂತಿಯ ಕಿಡಿ’. ನಮ್ಮ ಚಳವಳಿಯ ಗದ್ಯಕ್ಕೆ ಈ ಬೊಜ್ಜು ಯಾವಾಗ ಬಂತು? ಹಾಡಿನಲ್ಲಿ ಒಂದು ಮಾತನ್ನೂ ವ್ಯರ್ಥ ಮಾಡದ ಜನ ನಾವು. ಅಭಿನಂದನ ಗ್ರಂಥ ಬರೆಯಲು ಕೂತರೆ ಆಸ್ಥಾನ ಕವಿಗಳ ಅಂಗಿ ತೊಟ್ಟುಕೊಳ್ಳುತ್ತೇವೆ. ಹೊಗಳಿಕೆ ನಮ್ಮ ನೆನಪನ್ನು ತಿಂದುಹಾಕುತ್ತಿದೆ ಎಂದು ತೋರಿಸಿಕೊಟ್ಟದ್ದು ಒಂದು ನಿಯಮಾವಳಿ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಸಂಕೋಚವಿಲ್ಲ.

ನಿಯಮಗಳ ವಿಷಯ ಚುಟುಕಾಗಿ ಹೇಳುತ್ತೇನೆ. ಇಂಗ್ಲಿಷ್ ವಿಕಿಪೀಡಿಯ ಶುರುವಾದದ್ದು 2001ರ ಜನವರಿಯಲ್ಲಿ, ಕನ್ನಡದ್ದು 2003ರಲ್ಲಿ. ಬರೆಯುವವರೆಲ್ಲ ಸಂಬಳವಿಲ್ಲದ ಸ್ವಯಂಸೇವಕರು. ಮುಖ್ಯ ನಿಯಮಗಳು ಮೂರು. ತಟಸ್ಥ ದೃಷ್ಟಿಕೋನ ಇರಬೇಕು, ಬರೆದದ್ದನ್ನು ಓದುಗ ಪರಿಶೀಲಿಸುವಂತಿರಬೇಕು, ಬರೆಯುವವನ ಸ್ವಂತ ಸಂಶೋಧನೆ ಇರಬಾರದು. ಇವಕ್ಕೆ ಬಾಗಿಲಲ್ಲೇ ನಿಂತ ಇನ್ನೊಂದನ್ನು ಸೇರಿಸಿಕೊಳ್ಳಿ, ಗಮನಾರ್ಹತೆ. ವಿಷಯಕ್ಕೆ ಸಂಬಂಧವಿಲ್ಲದ, ನಂಬಲರ್ಹವಾದ ಮೂಲಗಳು ಒಬ್ಬ ವ್ಯಕ್ತಿಯ ಬಗ್ಗೆ ಸಾಕಷ್ಟು ಬರೆದಿದ್ದರೆ ಮಾತ್ರ ಅವನಿಗೊಂದು ಲೇಖನ. ಈ ಹೊಸಲು ನಮಗಷ್ಟೇ ಎತ್ತರವಲ್ಲ. 2018ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಡೋನಾ ಸ್ಟ್ರಿಕ್‌ಲ್ಯಾಂಡ್ ಅವರ ಮೇಲಿನ ಕರಡು, ಅದೇ ವರ್ಷ ಬಹುಮಾನ ಬರುವ ಕೆಲವು ತಿಂಗಳ ಮುಂಚೆ, ಸಾಕಷ್ಟು ಮೂಲಗಳಿಲ್ಲವೆಂದು ವಾಪಸಾಗಿತ್ತು.

ಈ ನಿಯಮಗಳನ್ನು ಓದುತ್ತ ಓದುತ್ತ ನಾನು ಮಾಡಿದ ಮೊದಲ ಕೆಲಸ, ಬಾಬಾಸಾಹೇಬರನ್ನು ಇವುಗಳ ಮುಂದೆ ನಿಲ್ಲಿಸಿ ನೋಡಿದ್ದು. ದಲಿತ ಲೇಖಕನ ಹಳೇ ಚಾಳಿ ಅನ್ನಿ. 1936ರಲ್ಲಿ ಲಾಹೋರಿನ ಜಾತ್ ಪಾತ್ ತೋಡಕ್ ಮಂಡಲ ಅವರನ್ನು ಅಧ್ಯಕ್ಷ ಭಾಷಣಕ್ಕೆ ಕರೆಯಿತು. ಭಾಷಣದ ಪ್ರತಿ ನೋಡಿ ಗಾಬರಿಯಾಗಿ ಕೆಲವು ಭಾಗ ತೆಗೆಯಿರಿ ಅಂದಿತು. ಅವರು ಒಂದು ಅಲ್ಪವಿರಾಮವನ್ನೂ ಬದಲಿಸಲು ಒಪ್ಪಲಿಲ್ಲ. ಸಮ್ಮೇಳನವೇ ರದ್ದಾಯಿತು. ಆಗ ಅವರು ‘ಜಾತಿ ವಿನಾಶ’ವನ್ನು ಸ್ವಂತ ದುಡ್ಡಿನಲ್ಲಿ 1,500 ಪ್ರತಿ ಅಚ್ಚು ಹಾಕಿಸಿದರು. ಎರಡು ತಿಂಗಳಲ್ಲಿ ಖಾಲಿಯಾಯಿತು. ವಿಕಿಪೀಡಿಯದ ಭಾಷೆಯಲ್ಲಿ ಇದು ಸ್ವಯಂಪ್ರಕಟಿತ ಕೃತಿ. ಸ್ವಯಂಪ್ರಕಟಿತ ಕೃತಿಗಳನ್ನು ಸಾಮಾನ್ಯವಾಗಿ ಆಧಾರವಾಗಿ ಬಳಸುವಂತಿಲ್ಲ. ಸಂಪಾದಕೀಯ ಮಂಡಲಿಯೊಂದು ಓದಿ ಒಪ್ಪಿದ ಬರಹಕ್ಕೆ ಬೆಲೆ ಹೆಚ್ಚು. ಬಾಬಾಸಾಹೇಬರ ಭಾಷಣವನ್ನೂ ಒಂದು ಮಂಡಲಿ ಓದಿತ್ತು, ಒಪ್ಪಲಿಲ್ಲ.

ಇದನ್ನು ಹುಡುಗಿಗೆ ಹೇಳಿ ಗೆದ್ದೆ ಅಂದುಕೊಂಡೆ. ಅವಳು ಸೋಲಲಿಲ್ಲ. ‘ಬರೆದವರು ಆ ವಿಷಯದಲ್ಲಿ ತಿಳಿದೋರು ಅಂತ ಬೇರೆ ಕಡೆ ಮೊದಲೇ ಪ್ರಕಟವಾಗಿ ಗೊತ್ತಾಗಿದ್ರೆ ಸ್ವಂತ ಪ್ರಕಟಣೇನೂ ನಡೀತದೆ ಚಿಕ್ಕಪ್ಪ. ನಿಯಮದಲ್ಲೇ ಬರೆದಿದೆ. ಅಂಬೇಡ್ಕರರಿಗೆ ಆ ಹೊತ್ತಿಗೆ ಕೊಲಂಬಿಯ, ಲಂಡನ್ ಎಲ್ಲ ಆಗಿತ್ತಲ್ಲ?’ ಹೌದು, ಆಗಿತ್ತು. ನನ್ನ ಹಾಡುಗಾರರಿಗೆ ಆಗಿರಲಿಲ್ಲ. ಪ್ರಶ್ನೆ ನಿಂತಿರುವುದೇ ಅಲ್ಲಿ. ನಮ್ಮಲ್ಲಿ ಒಬ್ಬರು ಸ್ವಂತ ಅಚ್ಚಿನ ಮೂಲಕ ನಂಬಿಕೆ ಗಳಿಸಬೇಕಾದರೆ ಅಂಬೇಡ್ಕರ್ ಆಗಿರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಸಾಲದು.

1948ರಲ್ಲಿ ಅವರು ಅಸ್ಪೃಶ್ಯರ ಮೂಲದ ಬಗ್ಗೆ ಪುಸ್ತಕ ತಂದರು. ನಂದನಾರ್, ರವಿದಾಸ್, ಚೋಖಾಮೇಳ ಈ ಮೂವರಿಗೆ ಅರ್ಪಿಸಿದ ಪುಸ್ತಕ. ಅಸ್ಪೃಶ್ಯರು ಒಂದು ಕಾಲದ ಬೌದ್ಧರು, ಚದುರಿಹೋದ ಬುಡಕಟ್ಟುಗಳ ಜನ, ಗೋಮಾಂಸ ಬಿಡದ ಕಾರಣಕ್ಕೆ ಹೊರಗೆ ಹಾಕಲ್ಪಟ್ಟವರು ಎಂಬುದು ಅವರ ವಾದ. ಮುನ್ನುಡಿಯಲ್ಲಿ ಅವರು ಮೊದಲೇ ಹೇಳಿಬಿಡುತ್ತಾರೆ, ದಾಖಲೆಗಳ ಸರಪಳಿ ತುಂಡಾಗಿರುವಲ್ಲಿ ಇತಿಹಾಸಕಾರ ಕೈಕಟ್ಟಿ ಕೂರಬೇಕಾಗಿಲ್ಲ, ಊಹೆ ಮತ್ತು ಕಲ್ಪನೆಯಿಂದ ಕೊಂಡಿ ಕೂಡಿಸಬಹುದು ಎಂದು. ದಾಖಲೆ ಬರೆಯುವ ಅಧಿಕಾರ ಯಾರ ಕೈಯಲ್ಲಿ ಎಂದೂ ಇರಲಿಲ್ಲವೋ ಅವರ ಇತಿಹಾಸಕ್ಕೆ ಇದು ಬಿಟ್ಟು ಬೇರೆ ದಾರಿಯಿಲ್ಲ. ವಿಕಿಪೀಡಿಯದಲ್ಲಿ ಸಂಪಾದಕನೊಬ್ಬ ಈ ಕೆಲಸ ಮಾಡಿದರೆ ಅದಕ್ಕೆ ಸ್ವಂತ ಸಂಶೋಧನೆ ಎಂಬ ಹೆಸರು, ಕೂಡಲೇ ತೆಗೆಯುತ್ತಾರೆ. ತೆಗೆಯುವುದು ಸರಿ ಕೂಡ. ಇಲ್ಲದಿದ್ದರೆ ಪುಷ್ಪಕ ವಿಮಾನ ಹಾರಿಸುವವರನ್ನು ಯಾವ ಬಾಯಲ್ಲಿ ತಡೆಯುವುದು? ಅಂಬೇಡ್ಕರರ ವಾದ ಅಚ್ಚಾಗಿರುವುದರಿಂದ ಇವತ್ತು ‘ಅಂಬೇಡ್ಕರ್ ಅವರ ಪ್ರಕಾರ’ ಎಂದು ಸೇರಿಸಿ ಬರೆಯಬಹುದು.

ಈ ‘ಪ್ರಕಾರ’ ಎಂಬ ಪದವನ್ನು ಗಮನಿಸಬೇಕು. ಎಲ್ಲರೂ ಒಪ್ಪಿದ ಸಂಗತಿಯನ್ನು ವಿಶ್ವಕೋಶ ತನ್ನ ಬಾಯಿಂದಲೇ ಹೇಳುತ್ತದೆ. ಒಬ್ಬರ ಅಭಿಪ್ರಾಯವಾದರೆ ಅವರ ಹೆಸರು ಹಾಕಿ ‘ಪ್ರಕಾರ’ ಎನ್ನುತ್ತದೆ. ನಿಯಮವಾಗಿ ಇದು ಒಳ್ಳೆಯದೇ. ಆದರೆ ನಮ್ಮ ಪಠ್ಯಪುಸ್ತಕಗಳನ್ನೂ ಸಾಹಿತ್ಯ ಚರಿತ್ರೆಗಳನ್ನೂ ತೆಗೆದು ನೋಡಿ. ಯಾರ ಮಾತು ಸಂಗತಿಯಾಗಿದೆ, ಯಾರ ಮಾತು ‘ಪ್ರಕಾರ’ವಾಗಿದೆ? ವರ್ಣವ್ಯವಸ್ಥೆ ವೃತ್ತಿವಿಭಜನೆಯಾಗಿತ್ತು ಎಂಬುದು ಬಹಳ ಕಾಲ ಸಂಗತಿಯಾಗಿತ್ತು. ಅದು ವೃತ್ತಿಯನ್ನಲ್ಲ, ವೃತ್ತಿ ಮಾಡುವವರನ್ನೇ ವಿಭಜಿಸಿತು ಎಂಬುದು ಅಂಬೇಡ್ಕರ್ ಪ್ರಕಾರ. ಇದೇ ಸಾಲಿನಲ್ಲಿ ಇನ್ನೊಂದು. ಸಿದ್ಧಲಿಂಗಯ್ಯನವರ ಹೆಸರು ಬಂದಾಗಲೆಲ್ಲ ಹಿಂದೆ ‘ದಲಿತ ಕವಿ’ ಅಂಟಿಕೊಂಡು ಬರುತ್ತದೆ. ‘ಬ್ರಾಹ್ಮಣ ಕವಿ’ ಎಂದು ಯಾರಿಗೆ ಬರೆದಿದ್ದಾರೆ? ಅವರು ಬರೀ ಕವಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಬದುಕಿರುವವರ ಜಾತಿಯನ್ನು ಅವರೇ ಹೇಳಿಕೊಂಡಿದ್ದರೆ ಮಾತ್ರ ಬರೆಯುವ ರೂಢಿ ಇದೆ. ಸಭ್ಯವಾದ ರೂಢಿ, ಹಲವರಿಗೆ ರಕ್ಷಣೆಯೂ ಹೌದು. ಅದರ ಪರಿಣಾಮ ಮಾತ್ರ ವಿಚಿತ್ರ. ಜಾತಿಯಿಂದ ಪೆಟ್ಟು ತಿಂದವನು ಹೇಳಿಕೊಂಡಿರುತ್ತಾನೆ, ಲಾಭ ಪಡೆದವನಿಗೆ ಹೇಳಿಕೊಳ್ಳುವ ಅಗತ್ಯವೇ ಬಿದ್ದಿರುವುದಿಲ್ಲ. ಕೊನೆಗೆ ಜಾತಿ ಇರುವುದು ನಮಗೆ ಮಾತ್ರ ಎಂಬಂತೆ ಕಾಣುತ್ತದೆ.

ಈಗ ನಂಬಲರ್ಹ ಮೂಲದ ವಿಷಯ. ನನ್ನ ಹಾಡುಗಾರರ ಸಾವಿನ ಸುದ್ದಿ ಪತ್ರಿಕೆಯಲ್ಲಿ ಯಾಕೆ ಬರಲಿಲ್ಲ ಎಂದರೆ, ಕಳಿಸುವವರು ಇರಲಿಲ್ಲ. ಕಳಿಸಿದ್ದರೂ ಹಾಕುವವರು ಇರಲಿಲ್ಲ. 1996ರಲ್ಲಿ ಬಿ.ಎನ್. ಉನಿಯಾಲ್ ಎಂಬ ಹಿರಿಯ ಪತ್ರಕರ್ತರು ‘ಪಯೋನಿಯರ್’ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಒಬ್ಬ ದಲಿತ ಪತ್ರಕರ್ತನ ಅಭಿಪ್ರಾಯ ಬೇಕು ಎಂದು ವಿದೇಶಿ ಪತ್ರಕರ್ತರೊಬ್ಬರು ಕೇಳಿದಾಗ, ಮೂವತ್ತು ವರ್ಷದ ತಮ್ಮ ವೃತ್ತಿಯಲ್ಲಿ ಅಂಥ ಒಬ್ಬರನ್ನೂ ತಾವು ಕಂಡೇ ಇಲ್ಲ ಎಂಬುದು ಅವರಿಗೆ ಹೊಳೆಯಿತಂತೆ. 2019ರಲ್ಲಿ ಆಕ್ಸ್‌ಫಾಮ್ ಇಂಡಿಯಾ ಮತ್ತು ನ್ಯೂಸ್‌ಲಾಂಡ್ರಿ ಲೆಕ್ಕ ತೆಗೆದಾಗ, ಅವರು ನೋಡಿದ ಸುದ್ದಿಮನೆಗಳ 121 ನಾಯಕ ಸ್ಥಾನಗಳಲ್ಲಿ 106 ಮೇಲ್ಜಾತಿಯವರ ಕೈಯಲ್ಲಿದ್ದವು. ಪರಿಶಿಷ್ಟ ಜಾತಿ, ಪಂಗಡದವರು ಒಬ್ಬರೂ ಇರಲಿಲ್ಲ. ಗಮನಾರ್ಹ ಎಂದರೆ ಗಮನಕ್ಕೆ ಅರ್ಹ. ಗಮನಿಸುವ ಕಣ್ಣುಗಳು ಇವು.

2006ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ಖೈರ್ಲಾಂಜಿಯಲ್ಲಿ ಭೋತ್ಮಾಂಗೆ ಕುಟುಂಬದ ನಾಲ್ವರನ್ನು ಊರವರೇ ಸೇರಿ ಕೊಂದರು. ದೊಡ್ಡ ಪತ್ರಿಕೆಗಳಿಗೆ ಅದು ಸುದ್ದಿಯಾಗಲು ವಾರಗಳು ಹಿಡಿದವು. ಶುರುವಿನಲ್ಲಿ ಬಂದದ್ದು ಅನೈತಿಕ ಸಂಬಂಧದ ಕತೆ. ದಲಿತರು ಬೀದಿಗಿಳಿದ ಮೇಲಷ್ಟೇ ಅದು ಜಾತಿ ಕೊಲೆ ಎಂದು ಅಚ್ಚಾಯಿತು. ಆಮೇಲೂ ನ್ಯಾಯಾಲಯ ದೌರ್ಜನ್ಯ ತಡೆ ಕಾಯ್ದೆ ಅನ್ವಯಿಸುವುದಿಲ್ಲ ಎಂದಿತು. ಆ ಮೊದಲ ವಾರಗಳಲ್ಲಿ ಒಬ್ಬ ಪ್ರಾಮಾಣಿಕ ಸಂಪಾದಕ, ಎಲ್ಲ ನಿಯಮ ಪಾಲಿಸಿ, ಸಿಕ್ಕ ಮೂಲಗಳನ್ನಿಟ್ಟುಕೊಂಡು ಲೇಖನ ಬರೆದಿದ್ದರೆ ಏನು ಬರೆಯುತ್ತಿದ್ದ? ಸುಳ್ಳನ್ನೇ ಬರೆಯುತ್ತಿದ್ದ, ಉಲ್ಲೇಖ ಸಮೇತ. 2008ರಲ್ಲಿ ಆನಂದ ತೇಲ್ತುಂಬ್ಡೆ ಪುಸ್ತಕ ಬರೆದ ಮೇಲೆ ಅದೇ ಸಂಪಾದಕನಿಗೆ ಇನ್ನೊಂದು ಮೂಲ ಸಿಕ್ಕಿತು. ನಿಯಮದ ಒಂದಕ್ಷರ ಬದಲಾಗಲಿಲ್ಲ. ಕಪಾಟಿಗೆ ಬಂದ ಒಂದು ಪುಸ್ತಕ ಲೇಖನವನ್ನು ಬದಲಿಸುವಂತಾಯಿತು.

ತಟಸ್ಥ ಎಂಬ ಮಾತಿಗೆ ಬರೋಣ. ತಟಸ್ಥ ಎಂದರೆ ದಡದ ಮೇಲೆ ನಿಂತವನು. ದಡದ ಮೇಲೆ ನಿಂತವನು ಎಂದರೆ ನೀರಿನಲ್ಲಿ ಇನ್ನೊಬ್ಬ ಇದ್ದಾನೆ ಎಂದರ್ಥ. ನಾನು ಹೀಗಂದದ್ದಕ್ಕೆ ಹುಡುಗಿ ನಕ್ಕಳು. ‘ಸುಮ್ಮನೆ ನಿಂತ್ಕೊಳಿ ಅಂತ ನಿಯಮ ಹೇಳಲ್ಲ. ಎಲ್ಲರ ಮಾತನ್ನೂ ಅದರದರ ತೂಕಕ್ಕೆ ತಕ್ಕಂಗೆ ಬರೀರಿ ಅನ್ನತ್ತೆ. ಮುಳುಗ್ತಿರೋನ ಮಾತೂ ಬರಬೇಕು.’ ಸರಿ. ಹಾಗಾದರೆ ಕಂಬಾಲಪಲ್ಲಿಯನ್ನು ಬರೆಯೋಣ ಅಂದೆ. 2000ದ ಮಾರ್ಚ್ 11, ಚಿಂತಾಮಣಿ ತಾಲ್ಲೂಕು, ಆಗಿನ ಕೋಲಾರ ಜಿಲ್ಲೆ. ಏಳು ಮಂದಿ ದಲಿತರು ಬೆಂಕಿಯಲ್ಲಿ ಸತ್ತರು. ಇಲ್ಲಿಯವರೆಗೆ ತಕರಾರಿಲ್ಲ. ಮುಂದಿನ ವಾಕ್ಯಕ್ಕೆ ಕರ್ತೃ ಬೇಕು. ಸಾಕ್ಷಿಗಳು ತಿರುಗಿ ಬಿದ್ದರು, 2006ರಲ್ಲಿ ಸೆಷನ್ಸ್ ನ್ಯಾಯಾಲಯ ಆರೋಪಿಗಳೆಲ್ಲರನ್ನೂ ಬಿಟ್ಟಿತು, 2014ರಲ್ಲಿ ಹೈಕೋರ್ಟು ಅದನ್ನೇ ಎತ್ತಿಹಿಡಿಯಿತು. ಬಿಡುಗಡೆಯಾದವರನ್ನು ಕೊಲೆಗಾರರೆಂದು ಬರೆಯುವಂತಿಲ್ಲ. ಬರೆಯಬಾರದು ಕೂಡ. ಪೊಲೀಸರು ಸುಳ್ಳು ಕೇಸಿನಲ್ಲಿ ಸಿಕ್ಕಿಸಿದ ನಮ್ಮ ಹುಡುಗರನ್ನು ಕಾಯುವುದೂ ಇದೇ ನಿಯಮ. ಹಾಗಾಗಿ ನಮಗೆ ಉಳಿಯುವ ವಾಕ್ಯ ‘ಏಳು ಮಂದಿಯನ್ನು ಸುಡಲಾಯಿತು’. ಸುಡ-ಲಾಯಿತು. ಕನ್ನಡದಲ್ಲಿ ಈ ‘ಲಾಯಿತು’ ಸರ್ಕಾರಿ ಕಡತಗಳಿಂದ ಬಂದದ್ದು. ನಮ್ಮ ಕೇರಿಯ ಮಾತಿನಲ್ಲಿ ಇದು ಇಲ್ಲ. ನಮ್ಮವ್ವ ‘ಸುಟ್ರು’ ಅನ್ನುತ್ತಾಳೆ. ಯಾರು ಎಂದು ಹೆಸರಿಸದಿದ್ದರೂ ಆ ‘ರು’ವಿನೊಳಗೆ ಮನುಷ್ಯರಿದ್ದಾರೆ. ‘ಲಾಯಿತು’ವಿನಲ್ಲಿ ಯಾರೂ ಇಲ್ಲ.

ಹೊತ್ತು ಮುಳುಗುವವರೆಗೆ ಆ ವಾಕ್ಯದ ಜೊತೆ ಗುದ್ದಾಡಿದೆವು. ಕೊನೆಗೆ ಅವಳೇ ಬರೆದಳು, ‘ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿಹಾಕಿ ಸುಟ್ಟರು. ಆರೋಪಿಗಳಾಗಿದ್ದವರೆಲ್ಲರೂ ಬಿಡುಗಡೆಯಾದರು. ಈ ಕೊಲೆಗಳಿಗಾಗಿ ಯಾರಿಗೂ ಶಿಕ್ಷೆಯಾಗಿಲ್ಲ.’ ಮೂರಕ್ಕೂ ಉಲ್ಲೇಖ ಕೊಡಬಹುದು. ಒಂದರ ಪಕ್ಕ ಒಂದನ್ನು ಇಟ್ಟದ್ದು ಬಿಟ್ಟರೆ ಅವಳು ಏನೂ ಮಾಡಿರಲಿಲ್ಲ. ಇಪ್ಪತ್ತೈದು ವರ್ಷಗಳಲ್ಲಿ ಕಂಬಾಲಪಲ್ಲಿಯ ಬಗ್ಗೆ ನಾನು ಬರೆದ ಎಲ್ಲ ಲೇಖನಗಳಿಗಿಂತ ಈ ಮೂರು ವಾಕ್ಯಗಳು ಗಟ್ಟಿ ಎಂದು ನನಗೆ ಅನ್ನಿಸಿತು. ಅವಳಿಗೆ ಹೇಳಲಿಲ್ಲ.

ತೂಕಕ್ಕೆ ತಕ್ಕಂತೆ ಎಂಬ ಮಾತು ಬಂತಲ್ಲ, ಅದಕ್ಕೆ ಬೂಸಾ ಪ್ರಕರಣಕ್ಕಿಂತ ಒಳ್ಳೆಯ ಪರೀಕ್ಷೆಯಿಲ್ಲ. 1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯ ಬೂಸಾ ಎಂಬ ಅರ್ಥದ ಮಾತಾಡಿದರು. ಗಲಾಟೆಯಾಯಿತು, ದಲಿತ ವಿದ್ಯಾರ್ಥಿಗಳಿಗೆ ಹೊಡೆತ ಬಿತ್ತು, ಅರಸು ಸಂಪುಟದಿಂದ ಅವರು ಹೊರಬರಬೇಕಾಯಿತು. ಆ ವಾರದ ಅಚ್ಚಿನ ಕಾಗದವನ್ನು ತಕ್ಕಡಿಗೆ ಹಾಕಿದ್ದರೆ, ಬಸವಲಿಂಗಪ್ಪ ಕನ್ನಡದ್ರೋಹಿ ಎಂಬುದೇ ಬಹುಮತದ ಅಭಿಪ್ರಾಯವಾಗಿ ವಿಶ್ವಕೋಶದಲ್ಲಿ ಕೂರುತ್ತಿತ್ತು. ಇವತ್ತು ಹಾಗಿಲ್ಲ. ದಲಿತ ಚಳವಳಿ ಮತ್ತು ದಲಿತ ಸಾಹಿತ್ಯದ ಆರಂಭವನ್ನು ಆ ಮಾತಿನ ಹತ್ತಿರ ಗುರುತಿಸುವವರೇ ಹೆಚ್ಚು. ತಕ್ಕಡಿ ತಿರುಗಿದ್ದು ಹೇಗೆ? ತಕ್ಕಡಿಯನ್ನು ಯಾರೂ ಒಡೆಯಲಿಲ್ಲ. ಏಟು ತಿಂದ ವಿದ್ಯಾರ್ಥಿಗಳ ತಲೆಮಾರು ಐವತ್ತು ವರ್ಷ ಬರೆಯಿತು. ಆತ್ಮಕತೆ, ಕರಪತ್ರ, ಸಂಪ್ರಬಂಧ, ಸಣ್ಣಪತ್ರಿಕೆಯ ಲೇಖನ, ಎಲ್ಲ ಸೇರಿ ಒಂದು ತಟ್ಟೆಗೆ ಭಾರವಾದವು. ‘ಪಂಚಮ’ದಂಥ ಪತ್ರಿಕೆ ನಡೆಸಿದವರಿಗೆ ತಾವು ಮುಂದೊಂದು ದಿನದ ಅಡಿಟಿಪ್ಪಣಿಗಳನ್ನು ಅಚ್ಚು ಮಾಡುತ್ತಿದ್ದೇವೆ ಎಂದು ಹೊಳೆದಿತ್ತೋ ಇಲ್ಲವೋ.

ಇದೇ ತಕ್ಕಡಿ ನಮ್ಮ ಕಡೆಗೂ ವಾಲಿದ್ದುಂಟು. 1909ರಲ್ಲಿ ಎಡ್ಗರ್ ಥರ್ಸ್ಟನ್ ರಂಗಾಚಾರಿಯವರ ಜೊತೆ ಸೇರಿ ದಕ್ಷಿಣ ಭಾರತದ ಜಾತಿ ಮತ್ತು ಬುಡಕಟ್ಟುಗಳ ಮೇಲೆ ಏಳು ಸಂಪುಟ ತಂದ. ಮೂಗಿನ ಅಳತೆ ತೆಗೆದು ಜನಾಂಗ ಹೇಳುತ್ತಿದ್ದ ಮನುಷ್ಯ. ನಮ್ಮ ಕನ್ನಡದ ಸಂಶೋಧಕರು ಇವತ್ತಿಗೂ ಆ ಸಂಪುಟಗಳನ್ನು ವೇದದ ಹಾಗೆ ಉಲ್ಲೇಖಿಸುತ್ತಾರೆ, ನಮ್ಮವರೂ ಸೇರಿ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಜಾತಿ ಲೇಖನಗಳನ್ನು ನೋಡಿಕೊಳ್ಳುವ ಸಂಪಾದಕರು, ಬ್ರಿಟಿಷ್ ಕಾಲದ ಈ ಬಗೆಯ ಜನಾಂಗ ವರ್ಣನೆಗಳನ್ನು ನಂಬಲರ್ಹ ಮೂಲವಲ್ಲ ಎಂದು ಪಕ್ಕಕ್ಕೆ ಇಟ್ಟಿದ್ದಾರೆ. ತಮ್ಮ ಜಾತಿಯನ್ನು ಸೂರ್ಯವಂಶಕ್ಕೋ ಚಂದ್ರವಂಶಕ್ಕೋ ಸೇರಿಸಲು ಬಂದವರಿಗೂ, ಇನ್ನೊಂದು ಜಾತಿಯನ್ನು ಕಳ್ಳರೆಂದು ಬರೆಯಲು ಬಂದವರಿಗೂ ಒಟ್ಟಿಗೇ ಬಾಗಿಲು ಮುಚ್ಚಿತು. ಅಲ್ಲಿ ಜಗಳ ಎಷ್ಟಿತ್ತೆಂದರೆ 2012ರಿಂದ ಜಾತಿ ಲೇಖನಗಳಿಗೇ ವಿಶೇಷ ಶಿಸ್ತು ಕ್ರಮ ತರಬೇಕಾಯಿತು. ನಮ್ಮ ವಿಶ್ವವಿದ್ಯಾಲಯಗಳ ಸಂಪ್ರಬಂಧಗಳು ಇನ್ನೂ ಕಲಿಯದ ಪಾಠವನ್ನು ಹೆಸರಿಲ್ಲದ ಸ್ವಯಂಸೇವಕರು ಕಲಿತುಕೊಂಡಿದ್ದಾರೆ.

ನಾನು ಪೂರ್ತಿ ಸೋಲೊಪ್ಪದೆ ಉಳಿದದ್ದು ಬಾಯಿಮಾತಿನ ವಿಷಯದಲ್ಲಿ. ಚಿಕ್ಕಲ್ಲೂರು ಜಾತ್ರೆಯಲ್ಲಿ ನೀಲಗಾರರು ತಂಬೂರಿ ಹಿಡಿದು ರಾತ್ರಿಯಿಡೀ ಮಂಟೇಸ್ವಾಮಿಯ ಕತೆ ಹಾಡುತ್ತಾರೆ. ಅದನ್ನು ವಿದ್ವಾಂಸರು ಧ್ವನಿಮುದ್ರಿಸಿ, ಸಂಪಾದಿಸಿ, ವಿಶ್ವವಿದ್ಯಾಲಯ ಅಚ್ಚು ಹಾಕಿದ ಮೇಲೆ ಪುಟಸಂಖ್ಯೆ ಸಮೇತ ಉಲ್ಲೇಖಿಸಬಹುದು. ಹಾಡಿದ ನೀಲಗಾರನನ್ನು ಉಲ್ಲೇಖಿಸುವಂತಿಲ್ಲ. ಬರೆದುಕೊಂಡವನು ಮೂಲವಾದ, ಹೇಳಿದವನು ಏನಾದ? 2011ರಲ್ಲಿ ಅಚಲ್ ಪ್ರಭಲ ಮತ್ತು ಸಂಗಡಿಗರು ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಭಾರತ ಮತ್ತು ದಕ್ಷಿಣ ಆಫ್ರಿಕಾದಲ್ಲಿ ಬಾಯಿಮಾತಿನ ಉಲ್ಲೇಖದ ಒಂದು ಪ್ರಯೋಗ ಮಾಡಿದರು. ಮಲಯಾಳಂ, ಹಿಂದಿ, ಸೆಪೆಡಿ ಭಾಷೆಗಳಲ್ಲಿ ಜನರ ಮಾತನ್ನು ಧ್ವನಿಮುದ್ರಿಸಿ, ಆ ಧ್ವನಿಯನ್ನೇ ಅಡಿಟಿಪ್ಪಣಿಯಾಗಿ ಕೊಟ್ಟರು. ಚರ್ಚೆಯಾಯಿತು, ವಿರೋಧ ಬಂತು, ಮೂಲ ನಿಯಮ ಹಾಗೇ ಉಳಿಯಿತು. ವಿರೋಧಿಸಿದವರ ಪ್ರಶ್ನೆ ಪೊಳ್ಳೇನಲ್ಲ. ಮಾತಾಡಿದವನು ಹೇಳಿದ್ದು ನಿಜವೆಂದು ಯಾರು ನೋಡುತ್ತಾರೆ? ಅಚ್ಚಾದದ್ದು ನಿಜವೆಂದು ಯಾರು ನೋಡಿದ್ದರು ಎಂದು ನಾವು ತಿರುಗಿ ಕೇಳಬಹುದು, ಖೈರ್ಲಾಂಜಿಯನ್ನು ಮುಂದಿಟ್ಟು. ಆದರೆ ಅದು ಉತ್ತರವಲ್ಲ. ನಮ್ಮ ಹಟ್ಟಿಯಲ್ಲಿ ಒಂದು ಸಂಗತಿಗೆ ನಾಲ್ಕು ಬಾಯಿ ಇವೆ, ನಾಲ್ಕೂ ನಾಲ್ಕು ಬಗೆಯಲ್ಲಿ ಹೇಳುತ್ತವೆ. ಆ ನಾಲ್ಕನ್ನೂ ತೂಗಿ ನೋಡುವ ಒಂದು ಶಿಸ್ತನ್ನು ನಾವೇ ಕಟ್ಟಿಲ್ಲ. ಮೌಖಿಕ ಪರಂಪರೆ ಎಂದು ಭಾಷಣ ಮಾಡುವುದು ಸುಲಭ. ಕ್ಯಾಸೆಟ್ಟುಗಳಿಗೆ ಬೂಸಲು ಹಿಡಿಯದ ಹಾಗೆ ನೋಡಿಕೊಂಡವರು ಎಷ್ಟು ಮಂದಿ?

ಇನ್ನೊಂದು ಪುಟದ ವಿಷಯ ಹೇಳದೆ ಹೋದರೆ ನನಗೆ ಸಮಾಧಾನವಿಲ್ಲ. ಪ್ರತಿ ಲೇಖನದ ತಲೆಯ ಮೇಲೆ ‘ಇತಿಹಾಸ’ ಎಂಬ ಒಂದು ಗುಂಡಿ ಇದೆ. ಒತ್ತಿದರೆ ಆ ಲೇಖನದಲ್ಲಿ ಯಾರು, ಯಾವ ದಿನ, ಎಷ್ಟು ಗಂಟೆಗೆ ಯಾವ ಪದ ಸೇರಿಸಿದರು, ಯಾವ ಪದ ತೆಗೆದರು ಎಂಬುದೆಲ್ಲ ಬರುತ್ತದೆ. ಇಡೀ ಲೇಖನವನ್ನೇ ತೆಗೆದುಹಾಕಿದರೂ, ತೆಗೆದವರ ಹೆಸರು ಮತ್ತು ಕೊಟ್ಟ ಕಾರಣ ದಾಖಲೆಯಲ್ಲಿ ನಿಲ್ಲುತ್ತದೆ. ನಾನು ಮೊದಲ ಸಲ ಇದನ್ನು ನೋಡಿದಾಗ ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ನಮ್ಮನ್ನು ಚರಿತ್ರೆಯಿಂದ ಅಳಿಸಿದರು ಎಂದು ನಾವು ಹೇಳುತ್ತಲೇ ಬಂದಿದ್ದೇವೆ. ಅಳಿಸಿದವರ ಸಹಿ ಎಲ್ಲೂ ಇರಲಿಲ್ಲ. ಇಲ್ಲಿ ಅಳಿಸುವವನೂ ಸಹಿ ಹಾಕಬೇಕು. ಊರ ಅರಳಿಕಟ್ಟೆಯಲ್ಲಿ ತೀರ್ಪು ಕೊಟ್ಟವರು ಯಾವತ್ತಾದರೂ ಸಹಿ ಹಾಕಿದ್ದರೆ?

ಹಾಡುಗಾರರ ಲೇಖನಕ್ಕೆ ವಾಪಸು ಬರುತ್ತೇನೆ. ಎಂಟು ವಾಕ್ಯ, ಆರು ಚೀಟಿ. ಹುಡುಗಿ ಕೇಳಿದಳು, ‘ಅವರು ನಿಮಗೇನಾಗಬೇಕು?’ ಸೋದರಮಾವ ಅಂದೆ. ಅವಳು ತಲೆ ಮೇಲೆ ಕೈ ಹೊತ್ತುಕೊಂಡಳು. ಹಿತಾಸಕ್ತಿ ಸಂಘರ್ಷವಂತೆ. ಸಂಬಂಧಿಕರ ಬಗ್ಗೆ ಬರೆಯಬಾರದಂತೆ, ಬರೆದರೂ ಮೊದಲೇ ಹೇಳಿ, ಚರ್ಚಾಪುಟದಲ್ಲಿ ಬೇರೆಯವರ ಒಪ್ಪಿಗೆ ಕೇಳಬೇಕಂತೆ. ನಾನಂದೆ, ‘ಅವ್ವ, ನಮ್ಮ ಹಟ್ಟೀಲಿ ಅರವತ್ತು ಮನೆ. ಅರವತ್ತೂ ಅವರಿಗೆ ನೆಂಟರೇ. ನೆಂಟರಲ್ಲದೋರು ಸಂಘಟನೇಲಿ ಇದ್ದೋರು, ಅವರೂ ಹತ್ತಿರದೋರೇ. ಸಂಬಂಧ ಇಲ್ಲದೋರು ಊರೊಳಗಿದ್ದಾರೆ, ಅವರು ನಮ್ಮ ಮಾವನ್ನ ಹೆಸರು ಹಿಡಿದೂ ಕರೆದೋರಲ್ಲ. ಸ್ವತಂತ್ರ ಮೂಲ ಅಂದ್ರೆ ಅವರೇನಾ?’ ಅವಳು ಉತ್ತರ ಕೊಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ‘ಪೊಲೀಸ್ ಸ್ಟೇಷನ್ ನೆಂಟರಲ್ಲವಲ್ಲ’ ಅಂದಳು.

ಆಮೇಲೆ ನಾನು ಅದನ್ನೇ ಹಿಡಿದು ಹೊರಟೆ. ಅವರನ್ನು ಜೈಲಿಗೆ ಹಾಕಿದ ಕೇಸಿನ ನಕಲಿಗೆ ಅರ್ಜಿ ಕೊಟ್ಟೆ. ಸಿಕ್ಕಿತು. ನನ್ನ ಮೂರು ಪುಟಗಳಲ್ಲಿ ಇಲ್ಲದ ಇಸವಿ, ತಾರೀಕು, ಸರ್ವೆ ನಂಬರು, ಎಲ್ಲ ಅದರಲ್ಲಿತ್ತು. ಹಾಡಿನ ಮೊದಲ ಸಾಲನ್ನೂ ಬರೆದಿದ್ದರು, ಶಾಂತಿ ಕದಡುವ ಹಾಡು ಎಂದು. ನಮ್ಮ ಕಡೆಯ ಒಬ್ಬರೂ ಬರೆದಿಟ್ಟುಕೊಳ್ಳದ ಹಾಡನ್ನು ಒಬ್ಬ ಹೆಡ್ ಕಾನ್‌ಸ್ಟೆಬಲ್ ಬರೆದಿಟ್ಟಿದ್ದ. ಇದನ್ನು ಹಿಡಿದುಕೊಂಡು ಹುಡುಗಿಯ ಮುಂದೆ ನಿಂತರೆ, ಅದು ಪ್ರಾಥಮಿಕ ದಾಖಲೆ, ಗಮನಾರ್ಹತೆಗೆ ಲೆಕ್ಕಕ್ಕೆ ಬರುವುದಿಲ್ಲ, ಇದನ್ನಿಟ್ಟುಕೊಂಡು ಇನ್ನೊಬ್ಬರು ಎಲ್ಲಾದರೂ ಬರೆದು ಅಚ್ಚಾಗಬೇಕು ಅಂದಳು. ‘ನೀವಲ್ಲ ಚಿಕ್ಕಪ್ಪ. ನೀವು ಅಳಿಯ.’

ಅದಕ್ಕೇ ಅವರ ಹೆಸರನ್ನು ಇಲ್ಲಿ ಬರೆದಿಲ್ಲ. ಅವರಿಗೆ ನೆಂಟರಲ್ಲದ, ನಮ್ಮ ಜಿಲ್ಲೆಯವರೂ ಅಲ್ಲದ ಗೆಳೆಯರೊಬ್ಬರು ನಕಲುಗಳನ್ನೆಲ್ಲ ತೆಗೆದುಕೊಂಡು ಹೋಗಿದ್ದಾರೆ, ಬರೆಯುತ್ತಿದ್ದಾರೆ. ಅವರಿಗೆ ಬೇಕಾಗಿರುವುದು ಆ ಎರಡು ರೂಪಾಯಿಯ ಹಾಡಿನ ಪುಸ್ತಕ. ನಮ್ಮಲ್ಲಿದ್ದ ಪ್ರತಿಯನ್ನು ಗೆದ್ದಲು ತಿಂದಿತು. 1980ರ ಆಸುಪಾಸಿನಲ್ಲಿ ಜಾಥಾಗಳಲ್ಲಿ ಮಾರಿದ ಅಂಥ ಪುಸ್ತಕಗಳು, ಯಾರು ಕಟ್ಟಿದ್ದೇ ಆಗಲಿ, ಯಾವ ಜಿಲ್ಲೆಯದ್ದೇ ಆಗಲಿ, ಓದುಗರ ಟ್ರಂಕುಗಳಲ್ಲಿ ಇದ್ದರೆ ಪತ್ರಿಕೆಗೆ ತಿಳಿಸಿ. ಮುಖಪುಟ ಹರಿದಿದ್ದರೆ ಪರವಾಗಿಲ್ಲ. ಹಿಂದಿನ ರಟ್ಟಿನ ಒಳಗಡೆ, ಕೆಳಗೆ, ಸಣ್ಣ ಅಕ್ಷರದಲ್ಲಿ ಮುದ್ರಣಾಲಯದ ಹೆಸರು ಮತ್ತು ಇಸವಿ ಇರುತ್ತದೆ. ಆ ಪುಟವನ್ನು ಮಾತ್ರ ಜೋಪಾನವಾಗಿಡಿ.